ಮೊಟ್ಟೆಗಿಂತ ಬೆಚ್ಚಗಿನ ನೀರು

"ಥರ್ಮಾಮೀಟರ್ ಮೇಡಂ, ಇವತ್ತು ಜ್ವರ ಎಷ್ಟು?"

ಕಿಟಕಿಯ ಆಚೆಯಿಂದ ಮೊಟ್ಟೆಯ ಟ್ರೇಯನ್ನು ಒಳಕ್ಕೆ ಸರಿಸುತ್ತ ವ್ಯಾನಿನವನು ಕೇಳಿದ. ಮೊಟ್ಟೆ ತೊಳೆಯುವ ತೊಟ್ಟಿಯ ಬಳಿ ನಿಂತಿದ್ದ ಅವಳು ತಲೆಯೆತ್ತಲಿಲ್ಲ. ಮಾಸ್ಕು ತುಟಿಯ ನಗುವನ್ನೇನೋ ಮುಚ್ಚಿತ್ತು. ಕಣ್ಣುಗಳು ಮಾತ್ರ ಹೇಳಿದ ಮಾತು ಕೇಳದ ಮಕ್ಕಳಂತಿದ್ದವು.

"ಜ್ವರ ನೀರಿಗೆ. ನಂಗಲ್ಲ."

ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಆ ಹ್ಯಾಚರಿ ಅವಳ ಅಣ್ಣನದು. ಹೊರಗಿನವರು ಒಳಗೆ ಬರಬೇಕಾದರೆ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಒಳಗಿನವರು ವ್ಯಾನು ನಿಲ್ಲುವ ಅಂಗಳಕ್ಕೆ ಕಾಲಿಟ್ಟರೆ ಆ ದಿನ ಮರಳಿ ಬರುವಂತಿಲ್ಲ; ಬಾಗಿಲಲ್ಲಿ ಹಾಗೆಂದು ಬೋರ್ಡೂ ಇದೆ. ರೋಗ ಚಪ್ಪಲಿಗೆ ಅಂಟಿಯೂ ಬರಬಹುದಲ್ಲ! ಮನೆಯೂ ಬೇಲಿಯೊಳಗೇ ಇದ್ದುದರಿಂದ ಅವಳ ಪಾಲಿನ ಪ್ರಪಂಚಕ್ಕೆ ಈ ಕಿಟಕಿಯೊಂದೇ ಬಾಗಿಲು.

ತಾಯಿಯಿಲ್ಲದ ತಂಗಿಯನ್ನು ಅಣ್ಣ ಅಂಗೈಯಲ್ಲಿಟ್ಟು ಸಾಕಿದ್ದ. ಆ ಅಂಗೈ ಎಂದು ಮುಷ್ಟಿಯಾಯಿತೋ ಅವನಿಗೇ ತಿಳಿಯದು. "ಮೊಟ್ಟೆ ತೊಳೆಯೋಕೆ ನಿನ್ನ ಕೈ ಬಿಟ್ರೆ ಯಾರನ್ನೂ ನಂಬೋಕಾಗಲ್ಲ ಕಣೇ," ಎನ್ನುತ್ತಿದ್ದ. ಯಾರಾದರೂ ಮದುವೆಯ ಮಾತೆತ್ತಿದರೆ, "ಈ ಸಲದ ಮರಿ ಹೊರಗೆ ಬರ್ಲಿ, ನೋಡೋಣ." ಮರಿ ಹೊರಬರುವಷ್ಟರಲ್ಲಿ ಮುಂದಿನ ಮೊಟ್ಟೆಗಳು ಕಾವಿಗೆ ಕೂತಿರುತ್ತಿದ್ದವು.

ಅವಳು ದಿನವೂ ಥರ್ಮಾಮೀಟರಿಟ್ಟು ಅಳೆಯುವ, ಮೊಟ್ಟೆ ತೊಳೆಯುವ ಔಷಧದ ನೀರು ಬೆಚ್ಚಗೇ ಏಕಿರಬೇಕೆಂದು ವ್ಯಾನಿನವನು ಹಿಂದೊಮ್ಮೆ ಕೇಳಿದ್ದ.

"ಮೊಟ್ಟೆಗಿಂತ ತಣ್ಣಗಿದ್ರೆ ಒಳಗಿರೋದು ಕುಗ್ಗತ್ತೆ. ಚಿಪ್ಪಿನ ಸಣ್ಣ ತೂತುಗಳಿಂದ ಹೊರಗಿನ ಕೊಳೇನ ಒಳಗೆಳ್ಕೊಳ್ಳತ್ತೆ."

"ನಂಗೂ ಹಂಗೇ. ನೀವು ತಣ್ಣಗೆ ಮಾತಾಡಿದ್ರೆ, ಬಾಯಿಗೆ ಬಂದಿದ್ದೆಲ್ಲ ಒಳಗೆ ಹೋಗ್ಬಿಡತ್ತೆ."

ಇಂದು ಮಾತ್ರ ಅವನು ಕೊನೆಯ ಟ್ರೇಯನ್ನು ಕೈಬಿಡದೆ ನಿಂತ. "ನಾಳೆಯಿಂದ ಬೇರೆ ಡ್ರೈವರ್ ಬರ್ತಾನೆ. ನನ್ನನ್ನ ದೂರದ ಫಾರಮ್ಮಿಗೆ ಹಾಕಿದ್ದಾರೆ. ಖಾಲಿ ಟ್ರೇ ವ್ಯಾನಿಗೆ ತುಂಬೋವರೆಗೂ ಅಂಗಳದಲ್ಲಿರ್ತೀನಿ. ನಿಮ್ಮ ಹತ್ರ ಕೇಳೋದೊಂದಿದೆ. ಕಿಟಕೀಲಲ್ಲ."

ಅವನು ಹೋದ. ಅವಳು ಯಾವುದೋ ಗುಂಗಿನಲ್ಲಿ ನೀರಿನ ಬಿಸಿ ನೋಡದೆ ಮೊಟ್ಟೆಯ ಬುಟ್ಟಿಯನ್ನು ತೊಟ್ಟಿಗೆ ಇಳಿಸಿದಳು. ಹೀಟರಿನ ಕೆಂಪು ದೀಪ ಉರಿಯುತ್ತಿರಲಿಲ್ಲವೆಂಬುದು ಆಮೇಲೆ ಕಣ್ಣಿಗೆ ಬಿತ್ತು. ಗ್ಲೌಸು ಕಿತ್ತು ಬೆರಳದ್ದಿದಳು: ನೀರು ತಣ್ಣಗೆ ಕೊರೆಯುತ್ತಿತ್ತು.

"ಅಣ್ಣಾ, ಈ ಬುಟ್ಟಿ ಪೂರ್ತಿ ಬೇಡ. ತಣ್ಣೀರಿಗೆ ಹಾಕ್ಬಿಟ್ಟೆ. ಕಾವಿಗಿಟ್ರೆ ಕೊಳೆತು ಒಡೆದು ಪಕ್ಕದವನ್ನೂ ಕೆಡಿಸ್ತವೆ."

ಕೂಗಿಗೆ ಓಡಿಬಂದ ಅಣ್ಣ ಬುಟ್ಟಿಯ ಬದಲು ಅವಳನ್ನೇ ನೋಡಿದ. "ನೀನಾ? ನಿನ್ನ ಕೈಯಲ್ಲೇ ಹಿಂಗಾದ್ರೆ ನಾನಿನ್ಯಾರನ್ನ ನಂಬ್ಲಿ?"

"ಯಾರನ್ನಾದ್ರೂ ನಂಬಣ್ಣ. ತಪ್ಪು ಮಾಡೋಕೂ ನಾನೇ ಆಗ್ಬೇಕಾ?"

ಮಾತು ಬಾಯಿಂದ ಬಿದ್ದಮೇಲೆ ಅವಳಿಗೇ ಬೆರಗಾಯಿತು. ಇಷ್ಟು ವರ್ಷ ತನ್ನನ್ನು ಕಟ್ಟಿಹಾಕಿದ್ದುದು ಬೇಲಿಯಲ್ಲ, ಎಂದೂ ತಪ್ಪದ ತನ್ನ ಕೈ. ಅದು ಇಂದು ತಪ್ಪಿತ್ತು. ಅವಳು ಏಪ್ರನ್ ಬಿಚ್ಚಿ ಅಂಗಳದ ಬಾಗಿಲ ಚಿಲಕಕ್ಕೆ ಕೈಯಿಟ್ಟಳು.

"ಹೋದ್ರೆ ಇವತ್ತು ಒಳಗೆ ಬರೋಹಾಗಿಲ್ಲ," ಎಂದ ಅಣ್ಣ.

"ಗೊತ್ತು. ಆ ಬೋರ್ಡು ಬರೆದೋಳೇ ನಾನು."

ಕಿಟಕಿಯಾಚೆ ವ್ಯಾನಿನವನು ವ್ಯಾನಿಗೆ ತುಂಬಿದ ಖಾಲಿ ಟ್ರೇಗಳನ್ನೇ ಮತ್ತೆ ಇಳಿಸಿ ಮತ್ತೆ ತುಂಬುತ್ತಿದ್ದ. ಅಣ್ಣ ಅದನ್ನು ನೋಡಿದ, ತಂಗಿಯನ್ನೂ ನೋಡಿದ. ನಿಧಾನವಾಗಿ ಗ್ಲೌಸು ತೊಟ್ಟು ಹೀಟರ್ ಹಾಕಿದ. "ಎಷ್ಟು ಬೆಚ್ಚಗಿರ್ಬೇಕು?"

"ಮೊಟ್ಟೆಗಿಂತ ಬೆಚ್ಚಗೆ."

ಅಂಗಳದ ಬಿಸಿಲಿನಲ್ಲಿ ಅವಳು ಮಾಸ್ಕು ತೆಗೆದಳು. ಅವನು ಆ ಮುಖವನ್ನು ಮೊದಲ ಬಾರಿಗೆ ಇಡಿಯಾಗಿ ಕಂಡು, ಕೈಯ ಟ್ರೇಯನ್ನು ಮರೆತು ನಿಂತ.

"ಕೇಳೋದಿದೆ ಅಂದ್ರಿ?"

"ಮರ್ತ್‌ಹೋಯ್ತು."

"ಒಳಗೆಳ್ಕೊಂಡ್ರಾ? ಇವತ್ತು ತಣ್ಣಗಿಲ್ಲ ನಾನು. ಕೇಳಿ."

"ನನ್ನ ಮದ್ವೆ ಆಗ್ತೀರಾ?"

"ಹೂಂ," ಎಂದಳು ಅವಳು, ಆ ಉತ್ತರ ಎಂದೋ ಸಿದ್ಧವಾಗಿದ್ದಂತೆ. "ಆದ್ರೆ ನಮ್ಮಣ್ಣನ್ನ ಕೇಳ್ಬೇಕು. ಒಳಗಿದ್ದಾನೆ. ಸ್ನಾನ ಮಾಡಿ, ಬಟ್ಟೆ ಬದಲಾಯಿಸ್ಕೊಂಡೇ ಹೋಗಿ."

ಅವನು ಸ್ನಾನದ ಕೋಣೆಯತ್ತ ಓಡಿದ. ಅವಳು ವ್ಯಾನಿನ ಮೆಟ್ಟಿಲ ಮೇಲೆ ಕುಳಿತಳು. ಒಳಗೆ ಹೋಗುವಂತಿರಲಿಲ್ಲ, ಹೋಗಬೇಕೆಂದೂ ಅನ್ನಿಸಲಿಲ್ಲ.