ಮೇಷ್ಟ್ರಿಗೆ ಶುಭೋದಯ

2025ರ ಫೆಬ್ರವರಿ 4, ಮಂಗಳವಾರ, ಸಂಜೆ 5.40. ತಿಪಟೂರಿನ ಠಾಣೆಗೆ ದೂರು ತಂದ ದಯಾನಂದ್ ಭೌತಶಾಸ್ತ್ರದ ಉಪನ್ಯಾಸಕರು. ದಿನಾ ಮನೆಯ ಜಗುಲಿಯಲ್ಲಿ ಪಾಠ ರೆಕಾರ್ಡ್ ಮಾಡಿ ಪಿಯು ಮಕ್ಕಳ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಅಂದು ಚಾಕ್‌ಪೀಸ್ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಸ್ಟ್ಯಾಂಡಿನ ಮೇಲಿದ್ದ ಮೊಬೈಲ್ ಇರಲಿಲ್ಲ.

ಇನ್‌ಸ್ಪೆಕ್ಟರ್ ಕರಿಬಸವಯ್ಯನವರಿಗೆ ಅದು ಆ ವಾರದ ಮೂರನೆಯ ಮೊಬೈಲ್ ಕಳವು.

“ಲಾಕ್ ಇತ್ತಾ?”

“ಇಲ್ಲ. ಕೈತುಂಬ ಚಾಕ್ ಪುಡಿ, ಬೆರಳು ಹಿಡಿಯಲ್ಲ. ಅದಕ್ಕೇ ತೆಗೆಸಿಬಿಟ್ಟಿದ್ದೆ.”

“ಕಳ್ಳನಿಗೂ ಅನುಕೂಲವಾಯ್ತು ಬಿಡಿ.”

ಎಫ್‌ಐಆರ್ ದಾಖಲಾಯಿತು. ಮರುದಿನ ಬೆಳಗ್ಗೆ ಕಾನ್‌ಸ್ಟೇಬಲ್ ಸರ್ವಮಂಗಳ ತಮ್ಮ ಮೊಬೈಲ್ ಹಿಡಿದು ಬಂದರು. ಅವರ ಮಗಳೂ ಅದೇ ಗುಂಪಿನಲ್ಲಿದ್ದಳು.

“ಸರ್, ನಿನ್ನೆ ಸಂಜೆ ಮೇಷ್ಟ್ರ ನಂಬರಿಂದ ಒಂದು ವಾಯ್ಸ್ ಬಂದೈತೆ. ಆಮೇಲೆ ಅವರೇ ಗುಂಪಿಂದ ಹೊರಗೆ ಹೋದಂಗೆ ತೋರಿಸ್ತೈತೆ. ಮುಂದಿನ ತಿಂಗಳು ಪರೀಕ್ಷೆ, ಮಕ್ಕಳೆಲ್ಲ ಗಾಬರಿ ಬಿದ್ದವ್ರೆ.”

ಏಳು ಸೆಕೆಂಡಿನ ಧ್ವನಿ. ಮಾತಿಲ್ಲ. ಯಾರದೋ ಏದುಸಿರು, ಜೊತೆಗೆ ಲೊಟಲೊಟ ಸದ್ದು. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯೊಳಗೆ ಚಿಪ್ಪು ಬಿಟ್ಟ ಕೊಬ್ಬರಿ ಆಡುವ ಸದ್ದು. ಠಾಣೆಯಲ್ಲಿ ಯಾರಿಗೂ ಅದನ್ನು ವಿವರಿಸಬೇಕಿರಲಿಲ್ಲ.

“ಅಟ್ಟ, ಸರ್.”

“ಗೊತ್ತಾಯ್ತು ಕಣಮ್ಮ. ತಾಲೂಕಲ್ಲಿ ಅಟ್ಟ ಇಲ್ಲದ ಮನೆ ಹುಡುಕು, ಅದು ಸುಲಭ.”

ದಯಾನಂದರನ್ನು ಮತ್ತೆ ಕರೆಸಿದರು.

“ಗುಂಪಿಂದ ಯಾರನ್ನಾದ್ರೂ ತೆಗೆದಿದ್ರಾ?”

“ಒಂದೇ ನಂಬರ್, ಡಿಸೆಂಬರ್‌ನಲ್ಲಿ. ದಿನಾ ಬೆಳಗ್ಗೆ ಹೂವಿನ ಚಿತ್ರ, ಶುಭೋದಯ. ಇದು ಪಾಠಕ್ಕೆ ಮಾತ್ರ ಅಂತ ಬರೆದೆ. ಮತ್ತೂ ಬಂತು.”

“ಯಾವ ವಿದ್ಯಾರ್ಥಿ?”

“ನಂಬರಷ್ಟೇ ಗೊತ್ತು.”

ಸರ್ವಮಂಗಳ ಗುಂಪಿನ ಸಂದೇಶಗಳನ್ನು ಡಿಸೆಂಬರ್‌ವರೆಗೆ ಸರಿಸುತ್ತ ಹೋದರು. ದಾಸವಾಳ, ಕಮಲ, ಮತ್ತೆ ದಾಸವಾಳ. ನಂಬರಿನ ಪಕ್ಕದಲ್ಲಿ ಹೆಸರಿತ್ತು: ಈರಣ್ಣ ಹಾಲ್ಕುರಿಕೆ.

11.30ಕ್ಕೆ ಜೀಪು ಹಾಲ್ಕುರಿಕೆ ಗ್ರಾಮ ತಲುಪಿದಾಗ ಈರಣ್ಣ ತೋಟದಲ್ಲಿ ಗರಿ ಎಳೆಯುತ್ತಿದ್ದ. ಓಡಲಿಲ್ಲ. ಕೈಕಾಲು ತೊಳೆದುಕೊಂಡು ಬಂದ.

“ಮೊಬೈಲ್ ಎಲ್ಲಿ?”

“ಅಟ್ಟದ ಮ್ಯಾಲೈತೆ ಸಾ. ಅಲ್ಲಿ ಬುಟ್ರೆ ನಮ್ಮನೇಲಿ ನೆಟ್‌ವರ್ಕ್ ಸಿಗಾಕಿಲ್ಲ.”

“ಮಾರೋಕಾ?”

“ಬುಡಿ ಸಾ. ಮಗಳು ನನ್ ಮೊಬೈಲ್ನಾಗೇ ಪಾಠ ಕೇಳ್ತಿದ್ಲು. ಆ ನಂಬರ್ ಮತ್ತೆ ಗುಂಪಿಗೆ ಸೇರ್ಸಿ ವಾಪಸ್ ಇಟ್ಟು ಬರಾನ ಅಂತಿದ್ದೆ. ಏನೇನೋ ಒತ್ತಿದೆ. ಅದೇನೋ ಇಂಗ್ಲಿಷ್ನಾಗೆ ಕೇಳ್ತು, ಹೂಂ ಅಂತ ಒತ್ಬುಟ್ಟೆ.”

“ಮೇಷ್ಟ್ರನ್ನೇ ಕೇಳಬಹುದಿತ್ತಲ್ಲ?”

“ಕೇಳಾಕೇ ಹೋಗಿದ್ದು. ಜಗುಲೀಲಿ ಯಾರೂ ಇರ್ಲಿಲ್ಲ. ಅದೊಂದೇ ಇತ್ತು.”

“ಬೇಡ ಅಂದ್ರೂ ದಿನಾ ಶುಭೋದಯ ಯಾಕಯ್ಯಾ?”

“ಮಗಳೂ ಬೈದ್ಲು. ಆದ್ರೂ ಮೇಷ್ಟ್ರಿಗೆ ಬೆಳಗೆದ್ದು ಒಂದು ನಮಸ್ಕಾರ ಅನ್ದೇ ಇದ್ರೆ ಹೆಂಗೆ ಸಾ? ನಮ್ ಹುಡ್ಗಿ ಗುಂಪ್ನಾಗೆ ಅವ್ಳೆ ಅಂತ ಅವ್ರಿಗೆ ಹೆಂಗೆ ಗೊತ್ತಾಗ್ಬೇಕು?”

ಮಗಳು ಧನ್ಯಶ್ರೀ ಬಾಗಿಲಲ್ಲಿ ನಿಂತಿದ್ದಳು. ಡಿಸೆಂಬರ್‌ನಿಂದ ಅವಳಿಗೆ ಪಾಠವಿರಲಿಲ್ಲ. ಅಪ್ಪನ ಜೊತೆ ಮಾತೂ ಇರಲಿಲ್ಲ.

“ನಂದೊಂದು ಸಾಲ್ದು ಅಂತ ಎಲ್ಲರ ಪಾಠಾನೂ ನಿಲ್ಸಿದ್ಯಲ್ಲಪ್ಪ,” ಎಂದಳು.

ಈರಣ್ಣ ಬಂಧನದ ಮೆಮೊಗೆ ತೋರಿಸಿದ ಕಡೆ ಸಹಿ ಹಾಕಿದ.

ಇಬ್ಬರು ಪಂಚರ ಸಮಕ್ಷಮ ಅಟ್ಟ ಹತ್ತಿದರು. ಕಾಲಿಟ್ಟಲ್ಲೆಲ್ಲ ಕಾಯಿ ಲೊಟಲೊಟ ಎಂದವು. ಹೆಂಚಿನ ಬೆಳಕಿಂಡಿಯ ಕೆಳಗೆ, ಮಡಿಸಿದ ಗೋಣಿಚೀಲದ ಮೇಲೆ ಮೊಬೈಲ್ ಇತ್ತು. ಮಗಳು ಕೂತು ಪಾಠ ಕೇಳಲೆಂದು ಜೂನ್‌ನಲ್ಲಿ ಈರಣ್ಣ ಅಷ್ಟು ಜಾಗದ ಕಾಯಿ ಸರಿಸಿದ್ದ. ಅವಳು ಹತ್ತುವುದು ನಿಂತ ಮೇಲೂ ಅಲ್ಲಿಗೆ ಒಂದು ಕಾಯಿ ಹಾಕಿರಲಿಲ್ಲ.

ಸರ್ವಮಂಗಳ ಟೇಪು ಹಿಡಿದರು. ಕರಿಬಸವಯ್ಯ ಪಂಚನಾಮೆಯಲ್ಲಿ ಬರೆದುಕೊಂಡರು: ಖಾಲಿ ಜಾಗದ ಉದ್ದ ಎರಡೂವರೆ ಅಡಿ, ಅಗಲ ಎರಡು ಅಡಿ.