ಮುಸುಕು ತೆಗೆದ ಪಿಕಪ್

ಮುಖ ತೋರಿಸಬಾರದ ಗಾಡಿಯ ಮುಖ ಮಂಗಳವಾರ ಬೆಳಿಗ್ಗೆ ಎಲ್ಲರ ಮೊಬೈಲಿನಲ್ಲಿತ್ತು. ಇನ್ನೂ ಮಾರುಕಟ್ಟೆಗೆ ಬಾರದ ಡೀಸೆಲ್ ಪಿಕಪ್ ಅದು. ಕಪ್ಪು-ಬಿಳಿ ಮುಸುಕು ಹೊದ್ದು ರಬಾಳೆಯಿಂದ ಕಲ್ಯಾಣದವರೆಗೆ ಟೆಸ್ಟಿಗೆ ಓಡುತ್ತಿತ್ತು. ಯಾರೋ ಮುಸುಕು ತೆಗೆದು ಫೋಟೋ ಹೊಡೆದಿದ್ದರು. ಅದೂ ನನ್ನ ಹೋಟೆಲಿನ ಗೋಡೆಯ ಎದುರು!

ನಾನು ಜಯಲತಾ. ಇಪ್ಪತ್ತು ವರ್ಷದಿಂದ ರಬಾಳೆಯಲ್ಲಿ ಇಡ್ಲಿ ಬೇಯಿಸುವವಳು, ಪೊಲೀಸ್ ಅಲ್ಲ. ಆದರೂ ಗಲ್ಲಾದ ಮುಂದೆ ಇಬ್ಬರು ನಿಂತಿದ್ದರು. ಒಬ್ಬ ಟೆಸ್ಟಿಂಗ್ ಇಂಜಿನಿಯರ್ ಹೃಷೀಕೇಶ, ಉಡುಪಿ ಕಡೆಯವರ ಮಗ, ಇಲ್ಲೇ ಪಕ್ಕದ ಘಣಸೋಲಿಯಲ್ಲಿ ಹುಟ್ಟಿದವನು. ಇನ್ನೊಬ್ಬ ಡ್ರೈವರ್ ಮಾಪಣ್ಣ, ಕಲಬುರ್ಗಿಯವ.

"ಆಂಟಿ, ನಿನ್ನೆ ಮಾಪಣ್ಣ ಇಲ್ಲಿ ಗಾಡಿ ಬಿಟ್ಟು ಚಹಾ ಕುಡಿದ್ರು ಅಂತ ಬರೆದು ಸಹಿ ಮಾಡಿ, ಸಾಕು," ಎಂದ ಹೃಷೀಕೇಶ.

"ಮಾಡಿದರೆ?"

"ಇವರನ್ನ ಇವತ್ತೇ ಕೆಲಸದಿಂದ ತೆಗೀತಾರೆ."

ಮಾಪಣ್ಣ ಕೈ ಮುಗಿದ. "ಚಾ ಕುಡದದ್ದು ಖರೇರಿ ಅಕ್ಕಾರ. ಮುಸುಕ ಮುಟ್ಟಿಲ್ರೀ."

ಕುಡಿದದ್ದು ನಾನೇ ನೋಡಿದ್ದೆ. ಗಾಡಿ ನಿಂತದ್ದೂ ನಿಜ. ಆದರೆ ಐದು ನಿಮಿಷದಲ್ಲಿ ಮುಸುಕಿನ ಅಷ್ಟೊಂದು ಬೆಲ್ಟು ಬಿಚ್ಚಿ ಮತ್ತೆ ಕಟ್ಟುವುದು ಹೇಗೆ ಮಾರಾಯ್ರೆ? ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು.

* * *

ಗುಮಾನಿ ಯಶ್ವಂತನ ಮೇಲೆ ಹೋಯಿತು. ಹೊಸ ಗಾಡಿಗಳ ವಿಡಿಯೋ ಮಾಡುವವನು, ದಿನಾ ನಮ್ಮಲ್ಲೇ ನಾಷ್ಟಾ. ಮೂಲೆಯ ಟೇಬಲಿನಿಂದ ಎಬ್ಬಿಸಿ ದಬಾಯಿಸಿದೆ.

"ನಾನು ತೆಗೆದಿದ್ರೆ ಫೋಟೋದ ಮೇಲೆ ಅಡ್ಡಕ್ಕೆ ನನ್ನ ಹೆಸರಿರ್ತಿತ್ತು ಆಂಟಿ! ನನಗೂ ಫಾರ್ವರ್ಡೇ ಬಂದದ್ದು."

ಅದೂ ಸರಿಯೇ. ಹೆಸರಿಗಾಗಿ ಸಾಯುವವನು ಸುಮ್ಮನೆ ಬಿಡುತ್ತಾನೆಯೇ? ಮತ್ತೆ ಫೋಟೋ ನೋಡಿದೆ. ಏನೋ ಸರಿಯಿಲ್ಲ. ಏನೆಂದು ಮಾತ್ರ ಹೊಳೆಯಲೊಲ್ಲದು.

ಅಷ್ಟರಲ್ಲಿ ವಾಶಿ ಮಾರ್ಕೆಟಿನಿಂದ ತರಕಾರಿ ಪಿಕಪ್ ಬಂತು. ಬಟಾಟೆ ಮೂಟೆ ಇಳಿಸುತ್ತಾ ಹೋದ ಹಾಗೆ ಅದರ ಹಿಂಭಾಗ ಮೇಲೆದ್ದಿತು. ಹಾಳಾದ್ದು, ದಿನಾ ಕಣ್ಣೆದುರೇ ಆಗುವುದು!

* * *

"ಮಾಪಣ್ಣ, ಟೆಸ್ಟ್ ಗಾಡಿ ಖಾಲಿ ಓಡಿಸ್ತೀರಾ?"

"ಇಲ್ರೀ. ಮೂವತ್ತು ಮರಳಿನ ಚೀಲ ಇರ್ತಾವ. ಶನಿವಾರ ಸಂಜಿಗೆ ಇಳಿಸಿ, ಸೋಮವಾರ ಮುಂಜಾನೆ ತೂಕ ಮಾಡಿ ಏರಸ್ತೀವ್ರಿ."

"ಫೋಟೋದಲ್ಲಿ ಹಿಂಭಾಗ ಎಷ್ಟು ಎತ್ತರ ನಿಂತಿದೆ ನೋಡಿ. ಮೂವತ್ತು ಚೀಲ ಹೊತ್ತರೆ ಹೀಗೆ ನಿಲ್ತದಾ? ಗಾಡಿ ಖಾಲಿ. ನೆತ್ತಿಯ ಮೇಲೆ ಬಿಸಿಲು, ಅಂದರೆ ಸಂಜೆಯೂ ಅಲ್ಲ, ಮುಂಜಾನೆಯೂ ಅಲ್ಲ. ಇದು ನಿನ್ನೆಯದ್ದಲ್ಲ, ಆದಿತ್ಯವಾರದ ಫೋಟೋ. ಫ್ಯಾಕ್ಟರಿಗಳಿಗೂ ರಜೆ, ನನಗೂ ರಜೆ. ಅವತ್ತು ಚಾವಿ ಯಾರ ಹತ್ತಿರ?"

ಮಾಪಣ್ಣ ಹೃಷೀಕೇಶನ ಕಡೆ ನೋಡಿದ.

ಹುಡುಗ ಕುರ್ಚಿಯಲ್ಲಿ ಕುಸಿದ. "ಮಗ ಮಾಡಿದ ಮೊದಲ ಗಾಡಿಗೆ ಆರತಿ ಎತ್ತಬೇಕು ಅಂತ ಅಮ್ಮನ ಹಟ. ಕಂಪನಿ ಯಾರ್ಡಿನಲ್ಲಿ ಕ್ಯಾಮೆರಾ ಇದೆ, ಅದಕ್ಕೇ ಇಲ್ಲಿಗೆ ತಂದೆ. ಮುಸುಕಿಗೆ ಕುಂಕುಮ ಹಚ್ಚುವುದಾ, ಅದನ್ನು ತೆಗಿ ಅಂದ್ರು. ಹಚ್ಚುವ ಮೊದಲೇ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ರು. ಅಲ್ಲಿಂದ ಊರೆಲ್ಲ ಫಾರ್ವರ್ಡ್ ಆಯ್ತು."

ನನಗೆ ಸಿಟ್ಟು ನೆತ್ತಿಗೇರಿತು. "ಅಮ್ಮನಿಗೆ ಗೊತ್ತಾಗಲಿಲ್ಲ, ಬಿಡು. ನಿನಗೆ ಗೊತ್ತಿತ್ತಲ್ಲ! ಇವರ ಅನ್ನ ಕಸಿಯಲು ನನ್ನ ಸಹಿ ಬೇಕಿತ್ತಾ?"

ಅವನು ತಲೆ ತಗ್ಗಿಸಿ, ಮೇಲಧಿಕಾರಿಯ ನಂಬರ್ ಹುಡುಕತೊಡಗಿದ. ಮಾಪಣ್ಣ ಮೆಲ್ಲಗೆ ಅಂದ:

"ಸಾಹೇಬ್ರ, ತಾಯಿ ಹೆಸರು ಎತ್ತಬ್ಯಾಡ್ರಿ. ನಿಮ್ಮ ಹೆಸರಷ್ಟ ಹೇಳ್ರಿ."