ಖಾಲಿ ಕುರ್ಚಿಗೊಂದು ಚೀಟಿ

"ಈ ಸುಳ್ಳು ಬರೆದವರು ಯಾರು?"

ಕೌಂಟರಿನ ಮೇಲೆ ವೈನ್ ಬಾಟಲಿ ಠಣ್ ಎಂದು ಕೂತಿತು. ಅವಳು ಬೆಚ್ಚಿ ತಲೆಯೆತ್ತಿದಳು. ಎದುರಿಗೆ ಒಬ್ಬ ಗಂಡಸು. ಬೆರಳ ತುದಿಯಲ್ಲಿ ಸಣ್ಣ ಸುಟ್ಟ ಕಲೆಗಳು, ಅಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರ್. ಕಣ್ಣಲ್ಲಿದ್ದದ್ದು ಸಿಟ್ಟೋ ತುಂಟತನವೋ... ಹೇಳುವುದು ಕಷ್ಟ!

ಬಾಟಲಿಯ ಕತ್ತಿಗೆ ದಾರದಲ್ಲಿ ಕಟ್ಟಿದ್ದ ಚೀಟಿಯನ್ನು ಅವನೇ ಗಟ್ಟಿಯಾಗಿ ಓದಿದ. "'ಇದನ್ನು ಒಬ್ಬರೇ ಕುಡಿಯಬೇಡಿ. ಎದುರಿನ ಕುರ್ಚಿ ಖಾಲಿಯಿದ್ದರೆ ಇನ್ನೊಂದು ವಾರ ಕಾಯಿರಿ.' ಎಂಟು ವಾರ ಕಾದೆ ಕಣ್ರೀ. ಕುರ್ಚಿ ಇನ್ನೂ ಖಾಲಿ!"

ಅವಳಿಗೆ ನಗು ಉಕ್ಕಿ ಬಂತು. 'ಒಂಬತ್ತನೇ ವಾರ ನೋಡಿ' ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡಳು.

"ಅದು... ಅಕ್ಕ ಬರೆದದ್ದು. ಅವಳು ಹೊರಗೆ ಹೋಗಿದ್ದಾಳೆ."

"ಹಾಗಾದರೆ ಅಕ್ಕನಿಗೇ ಹೇಳಿ. ರೇಡಿಯೋ ರಿಪೇರಿಯವನು ಬಂದು ಜಗಳ ಆಡಿ ಹೋದ ಅಂತ."

ಬಾಟಲಿಯನ್ನು ಮಾತ್ರ ವಾಪಸು ಕೊಡಲಿಲ್ಲ. ಎಳೆ ಕೂಸಿನಂತೆ ಎದೆಗವಚಿಕೊಂಡು ಹೋದ.

ಅವಳು ಹೇಳಿದ್ದು ಅರ್ಧ ಊರು ನಂಬಿದ್ದ ಸುಳ್ಳು. ಅಕ್ಕನ ಅಂಗಡಿಯ ಒಂದು ಗೋಡೆಗೆ ಪುಸ್ತಕ, ಒಂದಕ್ಕೆ ಹಾಡಿನ ಗ್ರಾಮಫೋನ್ ತಟ್ಟೆಗಳು, ಒಂದಕ್ಕೆ ಬಟ್ಟೆ, ಇನ್ನೊಂದಕ್ಕೆ ವೈನ್. ಪ್ರತಿಯೊಂದಕ್ಕೂ ಒಂದು ಚೀಟಿ, ಚೀಟಿಯ ಮೂಲೆಯಲ್ಲಿ ಅಕ್ಕನ ನಗುಮುಖ. 'ಅಕ್ಕ ಹೇಳಿದ ಮೇಲೆ ಮುಗೀತು' ಎಂದು ಜನ ಕೊಳ್ಳುತ್ತಿದ್ದರು.

ಬರೆಯುತ್ತಿದ್ದವಳು ತಂಗಿ. ಇಪ್ಪತ್ತೊಂಬತ್ತು ತುಂಬಿದರೂ ಅಕ್ಕನ ಬಾಯಲ್ಲಿ ಇನ್ನೂ ಪುಟ್ಟಿ. ಹಿಂದಿನ ಕೋಣೆಯಲ್ಲಿ, ರಟ್ಟಿನ ಪೆಟ್ಟಿಗೆಗಳು ಕಿಟಕಿಯನ್ನು ಅರ್ಧ ಮುಚ್ಚಿದ ಜಾಗದಲ್ಲಿ ಅವಳ ಮೇಜು. ಬಾಗಿಲ ಸಂದಿಯಿಂದ ಗಿರಾಕಿಗಳ ಮುಖ ನೋಡುವುದು, ಬರೆಯುವುದು. ಒಂದು ಗುಟುಕಿಗೆ ಯಾರ ಭುಜ ಇಳಿಯಿತು, ಯಾರು ಸುಮ್ಮನೆ ನಕ್ಕರು... ಅಷ್ಟೇ ಅವಳ ಬಂಡವಾಳ.

ಯಾಕೆಂದರೆ ಪುಟ್ಟಿಗೆ ಮೂಗಿರಲಿಲ್ಲ! ಮುಖದ ಮೇಲಿತ್ತು, ಕೆಲಸಕ್ಕೆ ಬರುತ್ತಿರಲಿಲ್ಲ. ಮೂರು ವರ್ಷದ ಹಿಂದಿನ ಜ್ವರ ವಾಸನೆಯನ್ನೆಲ್ಲ ಒಯ್ದಿತ್ತು. ಆಗ ಅವಳು ಬೇರೆ ಮನೆ ಮಾಡಿಕೊಂಡಿದ್ದಳು. ಒಂದು ಬೆಳಿಗ್ಗೆ ಒಲೆಯ ಗ್ಯಾಸು ಸೋರಿ ಮನೆಯೆಲ್ಲ ತುಂಬಿದ್ದರೂ ಗೊತ್ತಾಗದೆ ಪುಸ್ತಕ ಓದುತ್ತ ಕೂತಿದ್ದಳು. ಅಕಸ್ಮಾತ್ತಾಗಿ ಬಂದ ಅಕ್ಕ ಅವಳನ್ನು ರಟ್ಟೆ ಹಿಡಿದು ಎಳೆದುಕೊಂಡು ಹೊರಗೋಡಿದ್ದಳು.

ಅಕ್ಕ ಆ ರಟ್ಟೆಯನ್ನು ಇನ್ನೂ ಬಿಟ್ಟಿರಲಿಲ್ಲ.

"ಒಬ್ಬಳೇ ಇರ್ತೀಯಾ? ಸತ್ತು ಬಿದ್ದರೂ ನಿನಗೇ ಗೊತ್ತಾಗಲ್ಲ ಕಣೇ!" ಎನ್ನುತ್ತಿದ್ದಳು. ಮಲಗುವ ಮುನ್ನ ಎದ್ದೆದ್ದು ಹೋಗಿ ಒಲೆ ಮುಟ್ಟಿ ನೋಡುತ್ತಿದ್ದಳು. ಅಂಥ ಪ್ರೀತಿಯ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಬೀಗ ಹಾಕಿದ್ದರೆ ಮುರಿಯಬಹುದಿತ್ತು...

ರೇಡಿಯೋದವನು ವಾರವಾರವೂ ಬರತೊಡಗಿದ. ಪುಸ್ತಕ ಒಯ್ದ, ಹಾಡು ಒಯ್ದ, 'ಗುಂಪಿನಲ್ಲಿ ಕಾಣಿಸದಿರಲು ಬಯಸುವವರಿಗೆ' ಎಂಬ ಚೀಟಿಯಿದ್ದ ಬೂದು ಕೋಟನ್ನೂ ಒಯ್ದ. ಮರುವಾರ ಅದನ್ನೇ ಹಾಕಿಕೊಂಡು ಬಂದು, "ಏನ್ರೀ, ಕಾಣಿಸ್ತಾ ಇದೀನಾ?" ಎಂದ.

"ಯಾರೋ ಮಾತಾಡಿದ ಹಾಗಾಯ್ತು," ಎಂದಳು ಪುಟ್ಟಿ, ಅತ್ತಿತ್ತ ನೋಡುತ್ತ.

ಅವನು ನಕ್ಕ ನಗು ಅವಳ ಜೊತೆ ಮನೆಗೂ ಬಂತು.

ಒಂದು ಮಧ್ಯಾಹ್ನ ಅಂಗಡಿಯ ಹಾಡಿನ ಪೆಟ್ಟಿಗೆ ಕೆಟ್ಟಿತು. ಅವನು ಅದನ್ನು ಬಿಚ್ಚಿ ಕೂತ, ಅವಳು ಪಕ್ಕದಲ್ಲೇ ಲೆಕ್ಕದ ಪುಸ್ತಕದ ಮರೆಯಲ್ಲಿ ಚೀಟಿ ಬರೆಯುತ್ತ ಕೂತಳು. ಇದ್ದಕ್ಕಿದ್ದಂತೆ ಗಿರಾಕಿಗಳೆಲ್ಲ ಮೂಗು ಮುಚ್ಚಿಕೊಂಡು ಎದ್ದರು. ಪೆಟ್ಟಿಗೆಯೊಳಗೆ ವೈರು ಸುಡುತ್ತಿತ್ತು. ಅವಳೊಬ್ಬಳು ಬರೆಯುತ್ತಲೇ ಇದ್ದಳು... ಹೊಗೆ ಕಾಗದದ ಮೇಲೆ ಹಾಯುವವರೆಗೂ!

ಅವನು ಪ್ಲಗ್ಗು ಕಿತ್ತ. ಅವಳನ್ನೇ ನೋಡಿದ. "ನಿಮಗೆ... ವಾಸನೆ ಬರಲಿಲ್ವಾ?"

ಅವಳು ಉತ್ತರಿಸುವ ಮುಂಚೆ ಅಕ್ಕನ ಕೈ ಅವಳ ರಟ್ಟೆಗೆ ಬಿದ್ದಿತ್ತು. "ಒಳಗೆ ಕೂತು ಬರಿ ಅಂದಿರಲಿಲ್ವಾ ನಾನು? ನಡಿ!"

ಹಿಂದಿನ ಕೋಣೆಯ ಬಾಗಿಲು ಮುಚ್ಚಿತು. ಈ ಸಲ ಸಂದಿಯನ್ನೂ ಬಿಡದೆ.

ಆ ಗುರುವಾರ ಅಕ್ಕ ಒಳಗೆ ಬಂದು ಪೆಟ್ಟಿಗೆಯ ಮೇಲೆ ಕೂತಳು. ಮುಖ ಕೆಂಪಗಿತ್ತು.

"ಪುಟ್ಟೀ, ಆ ರೇಡಿಯೋದವನು ನನ್ನ ಹತ್ತಿರ ಏನೋ ಮಾತಾಡಬೇಕಂತೆ. ಶನಿವಾರ, ಹೊರಗೆ. ನಲವತ್ತೆರಡಕ್ಕೆ ನನಗೇನು ಹುಚ್ಚೋ... ಯಾವುದು ಹಾಕ್ಕೊಳ್ಳಲಿ, ನೀನೇ ಹೇಳೇ."

ಪುಟ್ಟಿ ಕೈಯಲ್ಲಿದ್ದ ಚೀಟಿಯ ನಗುಮುಖವನ್ನು ನೋಡಿದಳು. 'ಮತ್ತೇನು ಅಂದ್ಕೊಂಡಿದ್ದೆ? ಚೀಟಿಯ ಮೇಲಿರೋ ಮುಖ ಯಾರದ್ದು?'

ಆದರೆ ತನಗಾಗಿ ಬಂದ ಗಂಡುಗಳನ್ನೆಲ್ಲ ಬೇಡವೆಂದು ಇವಳನ್ನು ಸಾಕಿದ ಅಕ್ಕ ಅದು. ಪೆನ್ನು ಎತ್ತಿಕೊಂಡಳು. 'ಹಸಿರು ಡ್ರೆಸ್. ಅದರಲ್ಲಿ ನೀನು ಯಾರಿಗೂ ಅಕ್ಕನಲ್ಲ.' ಚೀಟಿಯನ್ನು ಅಕ್ಕನ ಕೈಗಿಟ್ಟಳು.

ಶನಿವಾರ ಹಸಿರು ಡ್ರೆಸ್ಸಿನಲ್ಲಿ ಹೋದ ಅಕ್ಕ ಅರ್ಧ ಗಂಟೆಯಲ್ಲಿ ಮರಳಿದಳು. "ಏನಿಲ್ಲ," ಎಂದಳು. ಅಷ್ಟೇ. ಡ್ರೆಸ್ಸನ್ನು ಮಡಿಸಿ ಕಪಾಟಿನ ತಳಕ್ಕಿಟ್ಟಳು. ಆಮೇಲೆ ಎರಡು ವಾರ ಅವನು ಬರಲಿಲ್ಲ. ಅಕ್ಕನನ್ನು ನೋಯಿಸಿದನೆಂದು ಪುಟ್ಟಿಗೆ ಕೆಂಡದಂಥ ಕೋಪ. ಕೋಪದ ಕೆಳಗೆ... ನಾಚಿಕೆಗೆಟ್ಟ ಒಂದು ನಿರಾಳ.

ಮೂರನೇ ವಾರ ಹೊರಗೆ ಅವನ ದನಿ ಕೇಳಿತು.

"ಒಂದೇ ಸಲ ಪರೀಕ್ಷೆ ಮಾಡಿ. ಆಮೇಲೆ ಹೋಗು ಅಂದರೆ ಹೋಗ್ತೀನಿ."

"ನಿಮಗೆ ಹೇಳಿದ್ನಲ್ಲ! ಅವಳನ್ನ ನಾನು ಕಳಿಸಲ್ಲ!" ಅಕ್ಕನ ದನಿ.

'ಅವಳನ್ನ'? ಪುಟ್ಟಿ ಬಾಗಿಲು ತಳ್ಳಿದಳು.

ಕೌಂಟರಿನ ಮೇಲೆ ಅಂಗೈಯಗಲದ ಬಿಳಿ ಪೆಟ್ಟಿಗೆಯಿತ್ತು. ಅಕ್ಕ ಹಟದಿಂದ ಲೈಟರಿನ ಗ್ಯಾಸನ್ನು, ಕಿಡಿ ಹೊತ್ತಿಸದೆ, ಅದರ ಮುಂದೆ ಬಿಟ್ಟಳು.

ಪೆಟ್ಟಿಗೆ ಕಿರುಚಿತು! ಕೆಂಪು ದೀಪ ಮಿಣಮಿಣ ಮಿನುಗಿತು. ಗಿರಾಕಿಗಳು ಕಿವಿ ಮುಚ್ಚಿಕೊಂಡರು.

ಪುಟ್ಟಿ ಮಾತ್ರ ಮುಚ್ಚಿಕೊಳ್ಳಲಿಲ್ಲ. ಮೂರು ವರ್ಷದಿಂದ ತನಗೆ ಕಾಣದೆ ಸುತ್ತುತ್ತಿದ್ದ ಭಯಕ್ಕೆ ದನಿ ಬಂದಿತ್ತು. ಅವಳ ಕಣ್ಣು ತುಂಬಿತು.

ಅಕ್ಕ ಲೈಟರನ್ನು ಕೆಳಗಿಟ್ಟಳು. "ಇಷ್ಟು ಚಿಕ್ಕದಾ..." ಎಂದಳು. "ಇಷ್ಟು ಚಿಕ್ಕ ಪೆಟ್ಟಿಗೆ ಸಾಕಿತ್ತಾ?" ಆಮೇಲೆ ತಂಗಿಯತ್ತ ತಿರುಗಿ, ಅಳುತ್ತಲೇ ನಕ್ಕಳು. "ಹಸಿರು ಡ್ರೆಸ್ ಹಾಕ್ಕೊಂಡು ಹೋಗಿ, ಇವರು ನಿನ್ನನ್ನ ಕೇಳೋದನ್ನ ಕೇಳಿಸ್ಕೊಂಡು ಬಂದೆ ಕಣೇ ನಾನು! ನಾಚಿಕೆಗೆ ಹೇಳಲಿಲ್ಲ. ನಾಚಿಕೆಗಿಂತ ಹೆಚ್ಚು ಹೆದರಿಕೆಗೆ."

"ಅಕ್ಕಾ..." ಪುಟ್ಟಿ ಅವಳ ಕೈ ಹಿಡಿದಳು. ಈ ಸಲ ಹಿಡಿದವಳು ತಂಗಿ. "ಇನ್ಮೇಲೆ ನಾನು ಹೊರಗೆ ಕೂತು ಬರೀತೀನಿ. ಈ ಪೆಟ್ಟಿಗೆ ಇಟ್ಕೊಂಡು ಮತ್ತೆ ಬೇರೆ ಮನೆ ಮಾಡ್ತೀನಿ. ಚೀಟಿ ಮೇಲೆ ನಿನ್ನ ಮುಖ ಬೇಡ. ಬಯ್ಯೋದಿದ್ದರೆ ಜನ ನನಗೇ ಬಯ್ಯಲಿ."

ಅಕ್ಕ ಮೂಗು ಒರೆಸಿಕೊಂಡು, "ದಿನಾ ಫೋನ್ ಮಾಡ್ತೀನಿ. ಎತ್ತದಿದ್ದರೆ ಬಾಗಿಲು ಒಡೀತೀನಿ," ಎಂದು ಗಿರಾಕಿಗಳತ್ತ ನಡೆದಳು.

ಪೆಟ್ಟಿಗೆಗೆ ದಾರದಲ್ಲಿ ಒಂದು ಚೀಟಿ ಕಟ್ಟಿತ್ತು. ಕೋಳಿ ಕೆದರಿದಂಥ ಅಕ್ಷರ.

'ಓದಲು: ಇದರ ಜೊತೆ ಇಟ್ಟಿರುವ ಸೂಚನೆಯ ಹಾಳೆ. ಕಥೆ ಸಪ್ಪೆ, ಆದರೆ ಕೊನೆಗೆ ಎಲ್ಲರೂ ಬದುಕಿರುತ್ತಾರೆ.
ಕೇಳಲು: ಇದರ ಕೂಗು. ರಾಗವಿಲ್ಲ, ನಿಯತ್ತಿದೆ.
ತೊಡಲು: ಹೊರಗೆ ಹೋಗುವ ಚಪ್ಪಲಿ.
ಕುಡಿಯಲು: ನಿಮಗೆ ಗೊತ್ತಿರುವ ಬಾಟಲಿ. ಕುರ್ಚಿ ಒರೆಸಿಟ್ಟಿದ್ದೇನೆ.'

"ಬರೆಯೋದು ನಾನು ಅಂತ ಹೇಗೆ ಗೊತ್ತಾಯ್ತು?" ಪುಟ್ಟಿ ಚೀಟಿಯಿಂದ ತಲೆಯೆತ್ತಿ ಕೇಳಿದಳು.

"ವೈನ್ ಮಾರುವಾಗ ನಿಮ್ಮಕ್ಕನ ಬಾಯಲ್ಲಿ ಬರೀ ಅದರ ವಾಸನೆಯ ಮಾತು. ಚೀಟಿಗಳಲ್ಲಿ ಒಂದೇ ಒಂದು ವಾಸನೆ ಇಲ್ಲ. ವೈರು ಸುಟ್ಟ ದಿನ ಅರ್ಥ ಆಯ್ತು. ಗ್ಯಾಸಿನ ಕಥೆ ಆ ಶನಿವಾರ ನಿಮ್ಮಕ್ಕ ಹೇಳಿದ್ರು. ಇದನ್ನ ಮಾಡೋಕೆ ಇಷ್ಟು ದಿನ ಹಿಡೀತು."

"ಆದರೆ ಆ ವೈನು... ನನಗೆ ಬರೀ ಹುಳಿ ನೀರು ಕಣ್ರೀ. ಹೇಗಿತ್ತು ಅಂತ ಹೇಳೋಕೂ ಬರಲ್ಲ."

"ನಾನು ಕುಡೀತೀನಿ. ನೀವು ನನ್ನ ಮುಖ ನೋಡಿ ಬರೀರಿ."

ಅವಳು ಕೌಂಟರಿನ ಕೆಳಗಿಂದ ಚಪ್ಪಲಿ ಎಳೆದುಕೊಂಡಳು. "ಎಷ್ಟು ಹೊತ್ತು ನೋಡಬೇಕಾಗತ್ತೆ?"

"ಗೊತ್ತಿಲ್ಲ," ಎಂದ ಅವನು. "ನನ್ನ ಮುಖ ಓದೋದು ಸ್ವಲ್ಪ ನಿಧಾನ."